ಒಂದು ಮೊರ ಶೇಂಗಾ

ಜಗಳೂರು
19 ಸೆಪ್ಟೆಂಬರ್ 1985

ಪ್ರೀತಿಯ ಅಪ್ಪ, ಅವ್ವ,

ಇಡೀ ಹೋಬಳಿಯ ಶೇಂಗಾ ಬೆಳೆ ಈ ಸಲ ಎಷ್ಟೆಂದು ಹೇಳುವ ಹೊಲದ ನಂಬರು ಬಂದಿದೆ, ಅದನ್ನು ಓದಿ ಹೇಳಿದವಳು ನಿಮ್ಮ ಮಗಳು! ನಿಮ್ಮ ಯೋಗಕ್ಷೇಮ ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಹೇಳಿಬಿಡದಿದ್ದರೆ ನನಗೆ ಊಟ ಸೇರುವುದಿಲ್ಲ.

ಅಪ್ಪ, ಅವ್ವನಿಗೆ ನಿಧಾನವಾಗಿ ಓದಿ ಹೇಳಿ. ಮೇ ತಿಂಗಳಲ್ಲಿ ಮದುವೆ ಮನೆಯಲ್ಲಿ ಎಲ್ಲರೂ ಕೇಳಿದ್ದರಲ್ಲ, ತಿಪ್ಪೇಶಪ್ಪನಿಗೆ ಸರ್ಕಾರಿ ನೌಕರಿ ಸರಿ, ಆದರೆ ಕೆಲಸ ಏನು ಅಂತ? (ಹೆಸರು ಬರೆದೇಬಿಟ್ಟೆ! ನಲ್ಲೂರಿನ ಅತ್ತೆಗೆ ಹೇಳಬೇಡಿ.) ನನಗೂ ಆಗ ಗೊತ್ತಿರಲಿಲ್ಲ. ಏನೋ ಅಂಕಿಸಂಖ್ಯೆ ಅಂದಿದ್ದರು, ನಾನು ಅವರ ಮೀಸೆ ನೋಡುತ್ತಾ ಕೂತಿದ್ದೆ. ಈಗ ಗೊತ್ತಾಗಿದೆ. ಇವರು ಬೆಳೆ ತೂಗುತ್ತಾರೆ!

ಈ ವರ್ಷ ಹೊಸದಾಗಿ ಬೆಳೆ ವಿಮೆ ಬಂದಿದೆ. ಸೊಸೈಟಿಯಲ್ಲಿ ಬೆಳೆ ಸಾಲ ತೆಗೆದವರಿಂದ ನೂರಕ್ಕೆ ಒಂದು ರೂಪಾಯಿ ಮೊದಲೇ ಹಿಡಿದುಕೊಂಡಿದ್ದಾರೆ. ಬೆಳೆ ಕೆಟ್ಟರೆ ಅದರಿಂದ ಪರಿಹಾರ. ಆದರೆ ಕೆಟ್ಟಿತೋ ಇಲ್ಲವೋ ಎಂದು ಹೇಳುವವರು ಯಾರು? ಒಬ್ಬೊಬ್ಬರ ಹೊಲಕ್ಕೂ ಹೋಗಿ ಅಳೆಯಲು ಆಗುತ್ತದೆಯೇ? ಅದಕ್ಕೆ ಹೋಬಳಿಗೆ ಹತ್ತು ಹೊಲ ಆರಿಸುತ್ತಾರೆ. ಪ್ರತಿ ಹೊಲದಲ್ಲಿ ಐದು ಮೀಟರ್ ಚೌಕಕ್ಕೆ ಗೂಟ ಹೊಡೆದು, ಅಷ್ಟು ಜಾಗದ ಗಿಡ ಮಾತ್ರ ಕಿತ್ತು, ಕಾಯಿ ಬಿಡಿಸಿ ತೂಗುತ್ತಾರೆ. ಹತ್ತು ತೂಕದ ಸರಾಸರಿ ಒಂದು ಗೆರೆಗಿಂತ ಕೆಳಗೆ ಬಂದರೆ ವಿಮೆ ಇರುವ ಎಲ್ಲರಿಗೂ ಪರಿಹಾರ. ಮೇಲೆ ಬಂದರೆ ಯಾರಿಗೂ ಇಲ್ಲ. ಇಡೀ ಹೋಬಳಿಯೇ ಒಂದು ಹೊಲ ಎಂದು ತಿಳಿಯಬೇಕಂತೆ. ನನಗೆ ಇದು ಎಷ್ಟು ಇಷ್ಟವಾಯಿತು ಗೊತ್ತಾ, ಅಪ್ಪ? ಸಾವಿರಾರು ಜನ ಒಬ್ಬರ ಕೈ ಒಬ್ಬರು ಹಿಡಿದು ನಿಂತ ಹಾಗೆ ಕಾಣಿಸಿತು.

ಯಾವ ಹೊಲ ಎಂದು ಯಾರೂ ತಮ್ಮ ಇಷ್ಟದಂತೆ ಹೇಳುವ ಹಾಗಿಲ್ಲ. ಬರೀ ಅಂಕಿಗಳಿಂದ ತುಂಬಿದ ಒಂದು ಪುಸ್ತಕವಿದೆ, ಒಂದಕ್ಕೊಂದು ಸಂಬಂಧವಿಲ್ಲದ ಅಂಕಿಗಳು. ಇಂಥ ಪುಟ, ಇಂಥ ಸಾಲಿನಿಂದ ಓದಿ ಎಂದು ಮೇಲಿನಿಂದ ಬರೆದು ಕಳಿಸುತ್ತಾರೆ. ನಿನ್ನೆ ಸಂಜೆ ಇವರು ಆ ಪುಸ್ತಕ ಮನೆಗೆ ತಂದು, ಶೇಂಗಾ ಹೊಲಗಳ ಪಟ್ಟಿ ತೆರೆದು ಕೂತಾಗ ನಾನು ಕಾನ್ವೆಂಟಿನಲ್ಲಿ ಪ್ರಾರ್ಥನೆ ಓದುತ್ತಿದ್ದ ಹಾಗೆ ನೆಟ್ಟಗೆ ನಿಂತು ಓದಿದೆ. ನಲವತ್ತೇಳು! ಪಟ್ಟಿಯಲ್ಲಿ ನಲವತ್ತೇಳನೆಯದು ಓಬವ್ವ ಎನ್ನುವವರ ಹೊಲ, ಇಲ್ಲಿಂದ ಆರು ಮೈಲಿ ದೂರದ ಒಂದು ಹಟ್ಟಿಯಲ್ಲಿ. ಇವರ ಪಾಲಿಗೆ ಈ ಒಂದೇ ಶೇಂಗಾ ಹೊಲ. ಆಗಸ್ಟಿನಲ್ಲಿ ಕಂಬಳಿಹುಳ ಬಿದ್ದು ಆ ಕಡೆ ಎಲೆಯೆಲ್ಲ ತಿಂದು ಹಾಕಿದೆಯಂತೆ. ಎಲ್ಲರೂ ಈ ವಿಮೆ ಕಡೆಗೇ ನೋಡುತ್ತಿದ್ದಾರೆ.

ಕಾಯಿ ಕೀಳುವ ದಿನ ನಾನೂ ಬರುತ್ತೇನೆ ಎಂದು ಹಟ ಹಿಡಿದಿದ್ದೇನೆ. ಇವರು "ಅದು ಪಿಕ್ನಿಕ್ ಅಲ್ಲ" ಅಂದರು. ಅಂದರೆ ಒಪ್ಪಿದ ಹಾಗೆಯೇ.

ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಇದೇ ಮೊದಲು, ಬೆರಳು ನೋಯುತ್ತಿದೆ. ಬೇಗ ಬರೆಯಿರಿ.

ನಿಮ್ಮ
ಅಂಜು


ಬೆಂಗಳೂರು
26 ಸೆಪ್ಟೆಂಬರ್ 1985

ಚಿ. ಸೌ. ಅಂಜಮ್ಮನಿಗೆ ಆಶೀರ್ವಾದ.

ನಿನ್ನ ಪತ್ರ ತಲುಪಿತು. ನಿಮ್ಮವ್ವನಿಗೆ ಎರಡು ಸಲ ಓದಿ ಹೇಳಿದೆ. ಅಳಿಯಂದಿರು ಬೆಳೆ ತೂಗುತ್ತಾರೆ ಎಂದು ಆಗಲೇ ಬೀದಿಗೆಲ್ಲ ಹೇಳಿ ಬಂದಳು. ಮಾರ್ಕೆಟ್ಟಿನಲ್ಲಿ ತಕ್ಕಡಿ ಹಿಡಿಯುತ್ತಾರೆ ಎಂದು ಎಲ್ಲರೂ ತಿಳಿದಿದ್ದಾರೆ.

ನೀನು ಬರೆದ ಲೆಕ್ಕ ಅರ್ಥವಾಯಿತು. ನ್ಯಾಯ ಅರ್ಥವಾಗಲಿಲ್ಲ. ಹುಳ ತಿಂದವನಿಗೂ ಅಷ್ಟೇ, ಹುಳ ಮುಟ್ಟದವನಿಗೂ ಅಷ್ಟೇ ಎಂದರೆ ಅದು ಯಾವ ನ್ಯಾಯ? ನಮ್ಮ ಮಿಲ್ಲಿನಲ್ಲೂ ಇದೇ ಕಥೆ. ಇಪ್ಪತ್ತೆರಡು ವರ್ಷದಿಂದ ಪ್ರತಿ ತಿಂಗಳು ಇಎಸ್‌ಐ ಎಂದು ನನ್ನ ಸಂಬಳದಲ್ಲಿ ಹಿಡಿಯುತ್ತಾರೆ. ನನಗೆ ಒಂದು ದಿನ ತಲೆನೋವೂ ಬಂದಿಲ್ಲ. ಪಕ್ಕದ ಮಗ್ಗದ ಗಿಡ್ಡಪ್ಪ ಹೋದ ವರ್ಷ ಎದೆ ಕಾಯಿಲೆ ಎಂದು ನಾಲ್ಕು ತಿಂಗಳು ಮನೆಯಲ್ಲಿ ಮಲಗಿ ಅರ್ಧ ಸಂಬಳ ತಗೊಂಡ, ಔಷಧಿ ಬಿಟ್ಟಿ. "ನಾನು ನೇಯೋದು, ನೀನು ಕೆಮ್ಮೋದು" ಎಂದು ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಅವನಿಗೆ ಹೇಳಿದ್ದೇನೆ. ಎಲ್ಲರೂ ನಕ್ಕರು. ಅವನೂ ನಕ್ಕ. ಡಿಸ್ಪೆನ್ಸರಿಯ ಮೆಟ್ಟಿಲು ನಾನು ಇಂದಿಗೂ ಹತ್ತಿಲ್ಲ. ಕಾರ್ಡು ಟ್ರಂಕಿನಲ್ಲಿದೆ, ಹೊಸದರ ಹಾಗೆ.

ಸವಳಂಗದಲ್ಲಿ ನನ್ನ ತಂದೆ ಕೂಲಿ ಮಾಡಿದ ಹೊಲಗಳಲ್ಲೂ ಶೇಂಗಾ ಹಾಕುತ್ತಿದ್ದರು. ಚಿಕ್ಕವನಿದ್ದಾಗ ಕಾಯಿ ಬಿಡಿಸಲು ನಾನೂ ಹೋಗುತ್ತಿದ್ದೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಂಡು ಹೋಗು.

ಮೊದಲ ದೀಪಾವಳಿ, ಇಬ್ಬರೂ ಬರಬೇಕು. ನನ್ನನ್ನು ಎರಡನೇ ಪಾಳಿಗೆ ಹಾಕಿದ್ದಾರೆ, ನಾನೇ ಕೇಳಿಕೊಂಡೆ. ಅಕ್ಷರ ಸೊಟ್ಟಗಾಗಿದ್ದರೆ ಪೆನ್ನು ಸರಿಯಿಲ್ಲ ಎಂದು ತಿಳಿ.

ಇಂತಿ ನಿನ್ನ ತಂದೆ
ದುರುಗಪ್ಪ


ಜಗಳೂರು
10 ಅಕ್ಟೋಬರ್ 1985

ಪ್ರೀತಿಯ ಅಪ್ಪ, ಅವ್ವ,

ಹೋಗಿ ಬಂದೆ! ಮೊನ್ನೆ ಮಂಗಳವಾರ ಹೊಲಕ್ಕೆ ಹೋಗಿ ಬಂದೆ! ಗಿಡ್ಡಪ್ಪ ಮಾವನ ವಿಷಯದಲ್ಲಿ ನಿಮ್ಮ ಜೊತೆ ಜಗಳ ಆಡುವುದಿದೆ ಅಪ್ಪ, ಅದನ್ನು ದೀಪಾವಳಿಗೆ ಇಟ್ಟುಕೊಂಡಿದ್ದೇನೆ. ಈಗ ಇದನ್ನು ಕೇಳಿ.

ಓಬವ್ವನಿಗೆ ಅರವತ್ತು ದಾಟಿರಬೇಕು. ನನಗಿಂತ ಒಂದು ಗೇಣು ಎತ್ತರ. ಗಂಡ ತೀರಿಕೊಂಡ ಮೇಲೆ ತಾವೇ ನಿಂತು ಬೇಸಾಯ ಮಾಡಿಸುತ್ತಾರೆ. ನಮ್ಮನ್ನು ಕಂಡವರೇ ಚೆಂಬಿನಲ್ಲಿ ನೀರು ತಂದು ಇವರನ್ನು ಕೇಳಿದರು.

"ಯಾರ್ರೀ ಸಾಹೇಬ್ರೆ ಈಕಿ?"

"ನಮ್ಮ ಮನೆಯವರು."

"ಅಯ್ಯ ನನ್ನವ್ವ! ಹೊಸ ಮದುವಣಗಿತ್ತೀನ ಈ ಬಿಸಿಲಾಗೆ ನಡೆಸ್ಕೆಂಡು ಬಂದೀರಲ್ಲ, ಬುದ್ಧಿ ಎಲ್ಲಿ ಅಡ ಇಟ್ಟು ಬಂದೀರಿ? ಬಾರವ್ವ, ನೆಳ್ಳಿಗೆ ಬಾ."

ಇವರ ಕಿವಿ ಕೆಂಪಗಾಯಿತು. ನಾನು ಸೆರಗಿನಲ್ಲಿ ನಕ್ಕೆ.

ಹೊಲದ ಯಾವ ಮೂಲೆಯಿಂದ ಎಷ್ಟು ಹೆಜ್ಜೆ ಎನ್ನುವುದನ್ನೂ ಅದೇ ಅಂಕಿ ಪುಸ್ತಕವೇ ಹೇಳುತ್ತದೆ. ಹೆಜ್ಜೆ ಹಾಕಿ, ಗೂಟ ಹೊಡೆದು, ದಾರ ಕಟ್ಟಿದರು. ಟೇಪಿನ ತುದಿ ಹಿಡಿದವಳು ನಾನು. ಆಮೇಲೆ ನಿಮ್ಮ ಅಳಿಯ ಬೇರೆಯೇ ಮನುಷ್ಯನಾಗಿಬಿಟ್ಟರು! "ದಾರದ ಒಳಗೆ ಯಾರೂ ಕಾಲಿಡಬಾರದು, ನೀನೂ" ಅಂದರು. ಮೇಷ್ಟರ ಹಾಗೆ. ಗಿಡಗಳಲ್ಲಿ ಎಲೆಯೇ ಇರಲಿಲ್ಲ, ಬರೀ ಕಡ್ಡಿ. ಕೂಲಿಯ ಇಬ್ಬರು ಹೆಂಗಸರು ಕಿತ್ತು, ಗೋಣಿತಟ್ಟಿನ ಮೇಲೆ ಕೂತು ಕಾಯಿ ಬಿಡಿಸಿದರು. ನಾನೂ ಬಿಡಿಸಿದೆ. ಉಗುರಿನೊಳಗೆ ಇನ್ನೂ ಮಣ್ಣಿದೆ, ತೊಳೆಯಲು ಮನಸ್ಸಿಲ್ಲ.

ರಾಶಿ ಚಿಕ್ಕದಾಗಿತ್ತು. ಓಬವ್ವ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಮೊದ್ಲು ಉಣ್ಣಾಕೆ ಏಳ್ರಿ, ಆಮ್ಯಾಕೆ ತೂಗಿದ್ರಾತು" ಎಂದರು. ಇವರು ಕೇಳಲಿಲ್ಲ. ತೂಗುವವರೆಗೆ ರಾಶಿ ಬಿಟ್ಟು ಏಳಬಾರದಂತೆ. ನಾನು ಬಿಡುತ್ತೇನೆಯೇ? "ನೀವು ಬಾರದೆ ನಾನು ತುತ್ತು ಮುಟ್ಟುವುದಿಲ್ಲ" ಎಂದು ಎಲ್ಲರ ಮುಂದೆ ಕೈ ಹಿಡಿದು ಎಳೆದೆ! ಕೂಲಿ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡರು. ಹೊಂಗೆ ಮರದ ಕೆಳಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹುಚ್ಚೆಳ್ಳು ಪುಡಿ, ಮೊಸರು. ಅವ್ವ, ನಾನು ಮೂರು ರೊಟ್ಟಿ ತಿಂದೆ!

ತಿರುಗಿ ಬಂದು ತೂಗಿದರೆ ಮೂರು ಕಿಲೋ ನಾನೂರು ಗ್ರಾಂ! ಇವರು ನಂಬದೆ ಮತ್ತೆ ಎರಡು ಸಲ ತೂಗಿದರು. "ಎಲೆ ತಿಂದ್ರೇನು, ಬೇರಿನಾಗೆ ದಮ್ಮಿತ್ತು" ಎಂದರು ಓಬವ್ವ. ಕಾಯಿಗಳು ಎಷ್ಟು ಚೆಂದ ಇದ್ದವು ಅಂತೀರಿ! ಕೆಲವಕ್ಕೆ ಕುಂಕುಮದಂಥ ಕೆಂಪು ಮಣ್ಣು ಮೆತ್ತಿಕೊಂಡಿತ್ತು, ಕೆಲವಕ್ಕೆ ಕಾಡಿಗೆಯ ಹಾಗೆ ಕಪ್ಪು. ಒಂದು ಚೀಲಕ್ಕೆ ತುಂಬಿ, ಕಟ್ಟಿ, ಅರಗು ಹಾಕಿ ಮೊಹರು ಒತ್ತಿ ತಂದರು. ಒಣಗಿದ ಮೇಲೆ ಇನ್ನೊಮ್ಮೆ ತೂಗಬೇಕು. ಅಲ್ಲಿಯವರೆಗೆ ಚೀಲ ನಮ್ಮ ಮನೆಯ ಜಂತೆಗೆ ನೇತು ಹಾಕಿದೆ. ಹಸಿ ತೂಕದ ಫಾರಂ ಆಫೀಸಿಗೆ ಕೊಟ್ಟಾಯಿತು.

ಹೊರಡುವಾಗ ಓಬವ್ವ ನನ್ನನ್ನು ಕೂರಿಸಿ ಉಡಿ ತುಂಬಿದರು, ಶೇಂಗಾ, ಬೆಲ್ಲ, ಒಂದು ಹಸಿರು ಖಣ. ನನಗೆ ಅಳುವೇ ಬಂತು. ಈ ಊರಲ್ಲಿ ನನಗೆ ಯಾರೂ ಇಲ್ಲ ಎಂದು ಇನ್ನು ಮೇಲೆ ಬರೆಯುವುದಿಲ್ಲ.

ನಿಮ್ಮ
ಅಂಜು


ಬೆಂಗಳೂರು
16 ಅಕ್ಟೋಬರ್ 1985

ಚಿ. ಸೌ. ಅಂಜಮ್ಮನಿಗೆ ಆಶೀರ್ವಾದ.

ಒಂದು ವಿಷಯ ಕೇಳಲು ಮಾತ್ರ ಈ ಕಾರ್ಡು ಬರೆಯುತ್ತಿದ್ದೇನೆ. ಐದು ಮೀಟರ್ ಚೌಕದಲ್ಲಿ ಕೆಂಪು ಮಣ್ಣೂ ಕಪ್ಪು ಮಣ್ಣೂ ಎರಡೂ ಇರುವುದು ಹೇಗೆ? ನಾನು ಕಂಡ ಹಾಗೆ ಎರೆಹೊಲವೆಂದರೆ ಪೂರ್ತಿ ಕಪ್ಪು, ಕೆಂಪು ನೆಲವೆಂದರೆ ಪೂರ್ತಿ ಕೆಂಪು. ಬೇರೆ ಹೊಲದ ಕಾಯಿ ಬೆರೆಯದೆ ಹೀಗಾಗುವುದಿಲ್ಲ. ಅಳಿಯಂದಿರಿಗೆ ತೋರಿಸು. ನಿನ್ನ ಸಂತೋಷ ಕೆಡಿಸಬೇಕೆಂದು ಬರೆದದ್ದಲ್ಲ.

ದುರುಗಪ್ಪ


ಜಗಳೂರು
25 ಅಕ್ಟೋಬರ್ 1985

ಅಪ್ಪ,

ನಿಮ್ಮ ಕಾರ್ಡು ಓದಿ ಮೊದಲು ನಕ್ಕೆ. ನಮ್ಮಪ್ಪ ಬೆಂಗಳೂರಿನಲ್ಲಿ ಕೂತು ಜಗಳೂರಿನ ಮಣ್ಣು ಪರೀಕ್ಷೆ ಮಾಡುತ್ತಾರೆ ಎಂದು ಇವರಿಗೆ ತಮಾಷೆಯಾಗಿ ತೋರಿಸಿದೆ. ಇವರು ನಗಲಿಲ್ಲ. ಊಟದ ತಟ್ಟೆ ಸರಿಸಿ, ಜಂತೆಯಿಂದ ಚೀಲ ಇಳಿಸಿದರು. ಹೇಗೂ ಒಣ ತೂಕದ ದಿನ ಬಂದಿತ್ತು. ಮೊಹರು ಒಡೆದು ಚಾಪೆಯ ಮೇಲೆ ಸುರಿದು, ಇಬ್ಬರೂ ಕೂತು ಬೇರೆ ಮಾಡಿದೆವು. ಕೆಂಪು ಮಣ್ಣಿನದು ಒಂದು ಕಡೆ, ಕಪ್ಪು ಮಣ್ಣಿನದು ಒಂದು ಕಡೆ. ಕಪ್ಪಿನ ಗುಡ್ಡೆ ದೊಡ್ಡದು. ಓಬವ್ವನದು ಕೆಂಪು ನೆಲ, ಅಪ್ಪ.

ಮರುದಿನ ಇಬ್ಬರೂ ಹಟ್ಟಿಗೆ ಹೋದೆವು. ಓಬವ್ವ ಒಂದು ಕ್ಷಣವೂ ಮುಚ್ಚಿಡಲಿಲ್ಲ.

"ಹೂಂ ಕಣವ್ವ, ನೀವು ಉಣ್ಣಾಕೆ ಕುಂತಾಗ ನಾನೇ ಒಂದು ಮೊರ ಸುರುವಿದೆ. ಹಳ್ಳದ ಆಚೆ ನನ್ನ ತಂಗಿ ಉಡಚಮ್ಮನ ಎರೆಹೊಲ ಐತೆ. ಅಲ್ಲಿಗೆ ಹುಳ ಬಿದ್ದಿಲ್ಲ. ಬೀಜಕ್ಕಂತ ಅಲ್ಲಿಂದ ತಂದಿಟ್ಟಿದ್ದೆ."

"ಯಾಕವ್ವ ಹಾಕಿದ್ರಿ?" ಎಂದರು ಇವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆಯಾಯಿತು.

"ಯಾಕಂದ್ರೆ? ಮದುವಣಗಿತ್ತಿ ಮೊದಲ್ನೇ ಸಲ ನಮ್ಮ ಹೊಲಕ್ಕೆ ಬಂದಾಳೆ, ಆಕಿ ಮುಂದೆ ಬೊಗಸೆ ಕಾಯಿ ರಾಶಿ ಅಂತ ತೋರ್ಸಾಕೆ ಆಕ್ಕೈತೇನ್ರಿ? ನಾನು ಈ ಮನಿಗೆ ಬಂದ ವರ್ಷ ಹಿಂಗೇ ಬೆಳೆ ಹೋಗಿತ್ತು. ನಮ್ಮತ್ತಿ ನೆರೆಮನಿಯಿಂದ ಜೋಳ ತಂದು ರಾಶಿ ಮಾಡಿ ನನಗೆ ತೋರ್ಸಿದ್ಲು. ಆರು ತಿಂಗಳಾದ ಮ್ಯಾಕೆ ನನಗೆ ಗೊತ್ತಾತು. ಹೆಣ್ಣುಮಗಳ ಮುಂದೆ ರಾಶಿ ಸಣ್ಣದು ಕಾಣಬಾರ್ದು, ಅಷ್ಟೇ. ನಿಮ್ಮ ಸರ್ಕಾರಕ್ಕೆ ಒಂದು ಮೊರ ಹೆಚ್ಚಾದ್ರೆ ಹೊಟ್ಟೆನೋವೇನು?"

ಅಪ್ಪ, ನನಗಾಗಿ! ನನಗಾಗಿ ಹಾಕಿದ್ದು! ಕೈ ಹಿಡಿದು ಊಟಕ್ಕೆ ಎಳೆದವಳೂ ನಾನೇ.

ಇವರು ನೆಲದ ಮೇಲೆ ಕೂತು ಹತ್ತು ಕಲ್ಲು ಜೋಡಿಸಿ ಹೇಳಿದರು. ಬೇರೆ ಒಂಬತ್ತು ಹೊಲಗಳಲ್ಲಿ ಒಂದು ಕಿಲೋ ಚಿಲ್ಲರೆ ಬಂದಿದೆ. ಇದು ಸೇರಿದರೆ ಸರಾಸರಿ ಗೆರೆಯ ಮೇಲೆ, ಕೂದಲೆಳೆಯಷ್ಟು ಮೇಲೆ. ಯಾರಿಗೂ ಪರಿಹಾರವಿಲ್ಲ.

"ಒಂದು ಮೊರಕ್ಕೆ?"

"ಒಂದು ಮೊರಕ್ಕೆ, ಅವ್ವ."

"ಮೂಕಪ್ಪಗೂ ಇಲ್ಲ?"

ಮೂಕಪ್ಪ ಅವರ ಪಕ್ಕದ ಹೊಲದವರು. ಅವರಿಗೆ ಬಿತ್ತಿದ ಬೀಜದಷ್ಟೂ ಬಂದಿಲ್ಲ. ಬದುವಿನ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು. "ಮೂಕಪ್ಪಗೆ ಯಾಕಿರ್ತದೆ?" ಎಂದು ಅಲ್ಲಿಂದಲೇ ಕೂಗಿದರು. "ಓಬಕ್ಕನ ಮರ್ಯಾದೆಗೆ ನಮ್ಮ ಹಟ್ಟೇರೆಲ್ಲ ಉಡಿ ತುಂಬಿದ್ವಿ ಅಂತ ತಿಳ್ಕಂತೀವಿ ಬಿಡು!"

ಓಬವ್ವನ ಮುಖ ನೋಡಲಾಗಲಿಲ್ಲ. ಸೆರಗು ಎಳೆದುಕೊಂಡು ಒಳಗೆ ಹೋದವರು ಹೊರಗೆ ಬರಲೇ ಇಲ್ಲ.

ಬಸ್ಸಿನಲ್ಲಿ ಇವರು ಹೇಳಿದರು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮೂಕಪ್ಪನ ಮಾತನ್ನು ಯಾರು ನಂಬುತ್ತಾರೆ. ಹೇಳಿದರೆ ಮೊದಲ ಪ್ರಶ್ನೆ, ರಾಶಿ ಬಿಟ್ಟು ಎದ್ದದ್ದು ಏಕೆ? ಎರಡನೆಯದು, ಹೆಂಡತಿಯನ್ನು ಕರೆದುಕೊಂಡು ಹೋದದ್ದು ಏಕೆ? ಇವರ ನೌಕರಿ ಇನ್ನೂ ಕಾಯಂ ಆಗಿಲ್ಲ. ಜೂನ್ ತನಕ ಪರೀಕ್ಷೆಯ ಅವಧಿ. ಕಿಟಕಿಯ ಕಡೆ ನೋಡುತ್ತಾ "ಏನು ಮಾಡೋಣ ಅಂತೀ?" ಎಂದರು. ಮದುವೆಯಾದಾಗಿನಿಂದ ಇವರು ನನ್ನನ್ನು ಇಂಥದ್ದು ಕೇಳಿದ್ದು ಇದೇ ಮೊದಲು. ಇಲ್ಲಿಯವರೆಗೆ ಸಾರು ಏನು ಎನ್ನುವುದು ಬಿಟ್ಟರೆ ಬೇರೆ ಏನೂ ಕೇಳಿರಲಿಲ್ಲ.

ನಾನು ಏನು ಹೇಳಿದೆ ಎಂದು ಬರೆಯಲು ಆಗುತ್ತಿಲ್ಲ. ನಾಳೆ ಬೆಳಿಗ್ಗೆ ಇವರು ಆಫೀಸಿಗೆ ಹೋಗುತ್ತಾರೆ.

ಅಂಜು


ಬೆಂಗಳೂರು
29 ಅಕ್ಟೋಬರ್ 1985

ಮಗಳೆ ಅಂಜಮ್ಮ,

ಇದು ನಾನು ನಿಮ್ಮವ್ವ ತಿಪ್ಪಮ್ಮ. ಮಹಡಿ ಮನೆ ಶಿವಮೂರ್ತಪ್ಪನ ಕೈಲಿ ಬರೆಸ್ತಾ ಇದೀನಿ. ನಾನು ಹೇಳಿದ್ದು ಹೇಳಿದಂಗೆ ಬರಿಬೇಕು ಅಂತ ಅಂದೀನಿ. ಚೆಂದ ಮಾಡಾಕೆ ಹೋಗಬ್ಯಾಡಪ್ಪ ಅಂದೀನಿ. ನಿಮ್ಮಪ್ಪ ಮಿಲ್ಲಿಗೆ ಹೋಗ್ಯಾರೆ.

ನಿನ್ನ ಕಾಗದ ಓದಿ ಹೇಳುವಾಗ ನಿಮ್ಮಪ್ಪ ನಾಕು ಸಲ ನಿಲ್ಲಿಸಿದ್ರು. ಮಾತು ಸಿಗದೆ ನಿಲ್ಲಿಸಿದ್ದಲ್ಲ, ಕೆಮ್ಮು. ಯುಗಾದಿಯಿಂದ ಐತೆ. ಮದುವೆ ಗದ್ದಲದಾಗೆ ನಿನಗೆ ಕಾಣಲಿಲ್ಲ. ಬೆಳಗಿನ ಚಳಿ ತಡಿಯಾಕೆ ಆಗದೆ ಪಾಳಿ ಬದಲಾಯಿಸ್ಕೆಂಡ್ರು. ಕರವಸ್ತ್ರ ಈಗ ತಾವೇ ಒಗಕಂತಾರೆ, ನನ್ನ ಕೈಗೆ ಕೊಡಲ್ಲ. ಯಾಕೆ ಕೊಡಲ್ಲ ಅಂತ ನಾನು ಕೇಳಿಲ್ಲ.

ಡಿಸ್ಪೆನ್ಸರಿಗೆ ಹೋಗ್ರಿ ಅಂದ್ರೆ ಬೈತಾರೆ. ಯಾವ ಮುಖ ಇಟ್ಕಂಡು ಹೋಗ್ಲಿ, ಗಿಡ್ಡಪ್ಪಗೆ ಎಲ್ರ ಮುಂದೆ ಆ ಮಾತು ಅಂದೀನಿ, ಈಗ ಅದೇ ಬೆಂಚಿನ ಮ್ಯಾಲೆ ನಾನು ಕೂತ್ರೆ ನಗಲ್ವೇನೆ ಅಂತಾರೆ. ಗಿಡ್ಡಪ್ಪನೇ ಮೊನ್ನೆ ಮನಿಗೆ ಬಂದು, ಅಣ್ಣ ನಾನು ಜತೆಗೆ ಬರ್ತೀನಿ ನಡಿ ಅಂದ. ಇವರು ಅವನಿಗೆ ಕಾಫಿ ಕೊಡು ಅಂತ ಹೇಳಿ ಹಿತ್ತಲಿಗೆ ಹೋದ್ರು.

ಅಳಿಯಂದ್ರು ಆಫೀಸಿನಾಗೆ ಏನಂದ್ರು? ನಿಮ್ಮಪ್ಪ ಆಗ್ಲೇ ಪೋಸ್ಟಿನೋನ ದಾರಿ ಕಾಯ್ತಾರೆ. ಕಾದಿಲ್ಲ ಅಂತಾರೆ.

ನಾನು ಬರೆಸಿದ್ದು ಅವರಿಗೆ ಗೊತ್ತಿಲ್ಲ.

ನಿಮ್ಮವ್ವ

(ಅಮ್ಮಾವರು ಹೇಳಿದ್ದಷ್ಟೇ ಬರೆದಿದ್ದೇನೆ. ಬೇಗ ಬಂದರೆ ಒಳ್ಳೆಯದು. ಶಿವಮೂರ್ತಪ್ಪ)


ಜಗಳೂರು
4 ನವೆಂಬರ್ 1985

ಅಪ್ಪ,

ಇವರು ಹೇಳಿಬಿಟ್ಟರು! ಬಸ್ಸಿನಲ್ಲಿ ನಾನು ಹೇಳಿದ್ದೂ ಅದನ್ನೇ, ಆದರೆ ಬರೆದುಬಿಟ್ಟರೆ ಹಿಂದೆ ತೆಗೆದುಕೊಳ್ಳಲಾಗದು ಎಂದು ಹೆದರಿ ನಿಮಗೆ ಬರೆಯಲಿಲ್ಲ. ಶನಿವಾರ ಆಫೀಸು ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಂತಿದ್ದರಂತೆ. ದೊಡ್ಡ ಸಾಹೇಬರು ಅರ್ಧ ಗಂಟೆ ಬೈದರು. ಬೈದು ಮುಗಿಸಿ, "ಆ ಹೊಲದಲ್ಲಿ ಇನ್ನೂ ಕೀಳದ ಗಿಡ ಇದೆಯೇನಯ್ಯ?" ಎಂದು ಕೇಳಿದರು.

ಇತ್ತು, ಅಪ್ಪ! ಬಂದ ಕಾಯಿ ಕೀಳುವ ಕೂಲಿಗೂ ಸಾಲದು ಎಂದು ಓಬವ್ವ ಅರ್ಧ ಹೊಲ ಹಾಗೆಯೇ ಬಿಟ್ಟಿದ್ದರು.

ಬುಧವಾರ ಸಾಹೇಬರೇ ಜೀಪಿನಲ್ಲಿ ಬಂದರು. ಮತ್ತೆ ಅಂಕಿ, ಮತ್ತೆ ಹೆಜ್ಜೆ, ಮತ್ತೆ ಗೂಟ. ಹಟ್ಟಿಗೆ ಹಟ್ಟಿಯೇ ಬದುವಿನ ಮೇಲೆ ನಿಂತಿತ್ತು. ನನ್ನನ್ನು ಸಾಹೇಬರು ಜೀಪಿನ ಹತ್ತಿರವೇ ನಿಲ್ಲಿಸಿದರು, "ನೀವು ದಯವಿಟ್ಟು ಅಲ್ಲೇ ಇರಿ ತಾಯಿ" ಎಂದು ಕೈ ಮುಗಿದು! ಓಬವ್ವ ಎಲ್ಲರ ಎದುರಿಗೆ ಬಂದು ಗಟ್ಟಿಯಾಗಿ ಹೇಳಿದರು.

"ನೋಡ್ರಪ್ಪ, ಹೋದ ಸಲ ತೂಕ ಹೆಚ್ಚಾಗಿದ್ದು ನಾನು ಸುರುವಿದ ಕಾಯಿಗೆ. ಈ ಸಾಹೇಬ್ರದು ಏನೂ ತಪ್ಪಿಲ್ಲ, ಈ ಹುಡುಗೀದೂ ತಪ್ಪಿಲ್ಲ. ನನ್ನ ಹೊಲ ಬರಿದಾಗೇತೆ. ಎಲ್ರೂ ಕಣ್ಣು ಬಿಟ್ಟು ನೋಡ್ರಿ."

ಅಷ್ಟು ಎತ್ತರದ ಹೆಂಗಸು ಅಷ್ಟು ಹೇಳಲು ಎಷ್ಟು ಕಷ್ಟಪಟ್ಟರು ಗೊತ್ತಾ?

ಯಾರೂ ಊಟಕ್ಕೆ ಏಳಲಿಲ್ಲ. ತಕ್ಕಡಿಯ ಮುಳ್ಳು ನಿಂತಿತು. ಸಾಹೇಬರು "ಒಂದು ಕಿಲೋ ಮುನ್ನೂರು" ಎಂದರು. ಜನ ಹೋ ಎಂದು ಕೂಗಿದರು! ಬೆಳೆ ಕಡಿಮೆ ಬಂದದ್ದಕ್ಕೆ ಊರು ಹೀಗೆ ಕುಣಿದದ್ದನ್ನು ತಮ್ಮ ಸರ್ವಿಸಿನಲ್ಲೇ ಕಂಡಿಲ್ಲ ಎಂದರು ಸಾಹೇಬರು. ಅವರಿಗೂ ನಗು ತಡೆಯಲಾಗಲಿಲ್ಲ.

ಮೂಕಪ್ಪ ಮಾತ್ರ ಬಿಡಲಿಲ್ಲ. "ಸ್ವಾಮಿ, ಉಡಚಮ್ಮನ ಹೊಲಕ್ಕೆ ಹುಳ ಬಿದ್ದಿಲ್ಲ. ಆಕಿಗೂ ಪರಿಹಾರ, ನನಗೂ ಪರಿಹಾರ. ಇದು ಹೆಂಗೆ ಸರಿ?"

ನಿಮ್ಮ ಪ್ರಶ್ನೆಯೇ, ಅಪ್ಪ! ನಾನು ಜೀಪಿನ ಬಳಿಯಿಂದ ಕತ್ತು ಚಾಚಿದೆ. ಸಾಹೇಬರು ತಲೆ ಕೆರೆದುಕೊಂಡರು. "ಸರಿ ಅಂತ ಹೇಳಲ್ಲಪ್ಪ. ಒಬ್ಬೊಬ್ಬರದೂ ತೂಗಾಕೆ ನಮ್ಮಲ್ಲಿ ಜನ ಇಲ್ಲ."

"ಮುಂದಿನ ವರ್ಷ ನನ್ನ ಹೊಲ ಉಳಿದು ಆಕಿದು ಹೋದ್ರೆ?"

"ಆಗ ನಿನಗೂ ಸಿಗ್ತದೆ."

"ಆಗ ನಾನು ಈ ಪ್ರಶ್ನೆ ಕೇಳಾಕೆ ಬರಲ್ಲ ಬಿಡ್ರಿ" ಎಂದರು ಮೂಕಪ್ಪ. ಉಡಚಮ್ಮ ಅಲ್ಲೇ ಇದ್ದರು, ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೆ ಈ ನ್ಯಾಯ ಪೂರ್ತಿ ಅರ್ಥವಾಗಿದೆ ಎಂದು ಈಗ ಹೇಳುವುದಿಲ್ಲ. ಪರಿಹಾರ ಬರುವುದು ಮುಂದಿನ ವರ್ಷವಂತೆ, ಬಂದಾಗ ನೋಡಬೇಕು. ಆದರೆ ಒಂದು ಮಾತ್ರ ತಿಳಿಯಿತು. ಇಲ್ಲದ್ದನ್ನು ಇಲ್ಲ ಎಂದು ಹೇಳುವವರು ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ.

ಇವರಿಗೆ ಮೆಮೊ ಬಂದಿದೆ, ಪರೀಕ್ಷೆಯ ಅವಧಿ ಇನ್ನೂ ಆರು ತಿಂಗಳು ಮುಂದೆ ಹೋಗಿದೆ. ಅದನ್ನು ಓದಿ "ನಿನ್ನ ಮೂರು ರೊಟ್ಟಿಗೆ ಆರು ತಿಂಗಳು, ಒಂದು ರೊಟ್ಟಿಗೆ ಎರಡು" ಎಂದರು. ಆಮೇಲೆ ಅಡುಗೆಮನೆಗೆ ಬಂದು, ಹೊಸದಾಗಿ ಮದುವೆಯಾದ ಗಂಡಸು ಏನು ಮಾಡುತ್ತಾನೋ ಅದನ್ನು ಮಾಡಿದರು, ಬರೆಯುವುದಿಲ್ಲ.

ಈಗ ನಿಮ್ಮ ವಿಷಯ. ಅವ್ವನ ಪತ್ರ ಬಂದಿದೆ. ಅವ್ವನ ಮೇಲೆ ರೇಗಬೇಡಿ, ರೇಗುವುದಾದರೆ ನಾನು ಬಂದ ಮೇಲೆ ನನ್ನ ಮೇಲೆ ರೇಗಿ.

ಅಪ್ಪ, ನೀವು ಓಬವ್ವನಿಗಿಂತ ದೊಡ್ಡ ತಪ್ಪು ಮಾಡುತ್ತಿದ್ದೀರಿ. ಅವರು ಒಂದು ದಿನ ಒಂದು ಮೊರ ಸುರಿದರು. ನೀವು ಯುಗಾದಿಯಿಂದ ದಿನಾ ಸುರಿಯುತ್ತಿದ್ದೀರಿ. ನನಗೆ ಏನೂ ಆಗಿಲ್ಲ ಎಂದು ಮಿಲ್ಲಿಗೆ, ಅವ್ವನಿಗೆ, ಮದುವೆ ಮಂಟಪದಲ್ಲಿ ನನಗೆ. ನನ್ನ ಕಣ್ಣಿಗೂ ರಾಶಿ ದೊಡ್ಡದಾಗಿಯೇ ಕಂಡಿತು. ನಾನೂ ಕುಣಿಯುತ್ತಾ ಬಸ್ಸು ಹತ್ತಿದೆ. ಪೆನ್ನು ಸರಿಯಿಲ್ಲ ಎಂದು ನೀವು ಬರೆದಾಗ ಹೊಸ ಪೆನ್ನು ತಂದುಕೊಡಬೇಕು ಎಂದಷ್ಟೇ ಅಂದುಕೊಂಡೆ.

ಇಪ್ಪತ್ತೆರಡು ವರ್ಷ ಗಿಡ್ಡಪ್ಪ ಮಾವನಂಥವರಿಗಾಗಿ ಕಟ್ಟಿದಿರಿ. ಬೈದುಕೊಂಡು ಕಟ್ಟಿದಿರಿ, ಆದರೂ ಕಟ್ಟಿದಿರಿ. ಗಿಡ್ಡಪ್ಪ ಮಾವ ಬದುಕಿ ಮಗ್ಗದ ಮುಂದೆ ನಿಂತಿದ್ದಾರೆ. ಈ ಸಲ ಹುಳ ಬಿದ್ದದ್ದು ನಿಮ್ಮ ಹೊಲಕ್ಕೆ. ಬಂದು ತೂಗಿಸಿಕೊಳ್ಳಿ. ಯಾರಾದರೂ ನಕ್ಕರೆ ನಗಲಿ. ಬೆಂಚಿನ ಮೇಲೆ ಒಂದು ಪಕ್ಕಕ್ಕೆ ನಾನು ಕೂರುತ್ತೇನೆ, ಇನ್ನೊಂದು ಪಕ್ಕಕ್ಕೆ ಗಿಡ್ಡಪ್ಪ ಮಾವ.

ಮೆಮೊ ಬಂದವರಿಗೆ ರಜೆ ಎಲ್ಲಿ? ಇವರಿಗೆ ಸಿಕ್ಕಿರುವುದು ಭಾನುವಾರದಿಂದ, ಸೋಮವಾರ ಬೆಳಿಗ್ಗೆ ಎಣ್ಣೆ ನೀರಿಗೆ ಸರಿಯಾಗಿ ಬರುತ್ತಾರೆ. ನಾನು ಅಲ್ಲಿಯವರೆಗೆ ಕಾಯುವುದಿಲ್ಲ. ಒಬ್ಬಳೇ ಬರುತ್ತಿದ್ದೇನೆ! ದಾವಣಗೆರೆ ಸ್ಟೇಷನ್ನಿಗೆ ಬಂದು ಇವರೇ ಹೆಂಗಸರ ಡಬ್ಬಿ ಹತ್ತಿಸುತ್ತಾರೆ. ಶನಿವಾರ ಡಿಸ್ಪೆನ್ಸರಿ ಮಧ್ಯಾಹ್ನದವರೆಗೆ ತೆರೆದಿರುತ್ತದೆ ಎಂದು ಮಿಲ್ಲಿನ ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳಿ. ಟ್ರಂಕಿನಿಂದ ಕಾರ್ಡು ತೆಗೆದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸ್ಟೇಷನ್ನಿಗೇ ಬನ್ನಿ. ಮನೆಗೆ ಹೋಗಿ ಕಾಫಿ ಕುಡಿದು ಆಮೇಲೆ ನೋಡೋಣ ಎನ್ನುವ ಮಾತು ಬೇಡ, ನಿಮ್ಮನ್ನು ನಾನು ಬಲ್ಲೆ. ಅಲ್ಲಿಂದ ನೇರ ಡಿಸ್ಪೆನ್ಸರಿಗೆ.

ನಿಮ್ಮ
ಅಂಜಮ್ಮ

ಒಂಬತ್ತನೇ ತಾರೀಖು, ಶನಿವಾರ ಬೆಳಿಗ್ಗೆ, ಹುಬ್ಬಳ್ಳಿಯಿಂದ ಬರುವ ಪ್ಯಾಸೆಂಜರ್.